ರಸ್ತೆ ಕಾಣದ ಸಹಪ್ರಯಾಣಿಕ

ಕಾರು ಓಡಿಸುವಾಗ ಫೋನ್ ಬಂದರೆ ನಮ್ಮಲ್ಲಿ ಬಹಳ ಮಂದಿಗೆ ಮೊದಲು ನೆನಪಾಗುವುದು ಟ್ರಾಫಿಕ್ ಪೊಲೀಸರು. ಮುಂದಿನ ಸಿಗ್ನಲ್‌ನಲ್ಲಿ ಯಾರಾದರೂ ನಿಂತಿದ್ದಾರೆಯೇ, ಕ್ಯಾಮೆರಾ ಇದೆಯೇ ಎಂದು ನೋಡಿಕೊಳ್ಳುತ್ತೇವೆ. ಬ್ಲೂಟೂತ್ ಇರುವ ಕಾರಾದರೆ ಆ ಭಯವೂ ಇಲ್ಲ. ಹಾಡು ತಾನಾಗಿ ನಿಲ್ಲುತ್ತದೆ, ಸ್ಟೀರಿಂಗ್ ಮೇಲಿನ ಗುಂಡಿ ಒತ್ತಿದರೆ ಆ ಕಡೆಯವರ ದನಿ ಕಾರಿನ ತುಂಬ ಕೇಳುತ್ತದೆ. ಕೈಗಳೆರಡೂ ಸ್ಟೀರಿಂಗ್ ಮೇಲಿವೆ, ಕಣ್ಣು ರಸ್ತೆಯ ಮೇಲಿದೆ. ಇನ್ನೇನು ಬೇಕು? ಕಾನೂನೂ ಇದರಲ್ಲಿ ತಪ್ಪು ಕಾಣುವುದಿಲ್ಲ. ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್‌ಗೆ 2019ರಲ್ಲಿ ತಿದ್ದುಪಡಿ ತಂದಾಗ ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿದ್ದು ಕೈಯಲ್ಲಿ ಹಿಡಿದು ಬಳಸುವ ಫೋನು. ಹಾಗೆ ಸಿಕ್ಕಿಬಿದ್ದರೆ ಮೊದಲ ಸಲಕ್ಕೇ 5,000 ರೂಪಾಯಿವರೆಗೆ ದಂಡ, ಜೈಲೂ ಆಗಬಹುದು.

ಕಾನೂನನ್ನು ದೂರುವಂತಿಲ್ಲ. ಕೈಯಲ್ಲಿರುವ ಫೋನು ಕಣ್ಣಿಗೆ ಬೀಳುತ್ತದೆ, ಫೋಟೋ ತೆಗೆದು ನೋಟಿಸ್ ಕಳಿಸಬಹುದು. ಚಾಲಕನ ಮನಸ್ಸು ರಸ್ತೆಯಲ್ಲಿದೆಯೋ ಬ್ಯಾಂಕಿನ ಸಾಲದಲ್ಲಿದೆಯೋ ಎಂಬುದನ್ನು ಯಾವ ಕ್ಯಾಮೆರಾ ಹಿಡಿದೀತು? ತನಗೆ ಕಾಣುವಷ್ಟು ದೂರ ಹೋಗಿ ಕಾನೂನು ನಿಂತಿತು. ನಾವೂ ಅಲ್ಲಿಗೇ ನಿಂತುಬಿಟ್ಟೆವಲ್ಲ, ಅದು ನನ್ನ ಸಂಕಟ.

ಕಾರಿಗೂ ಫೋನಿಗೂ ನಂಟು ಹಳೆಯದು. ಜೇಬಿನ ಫೋನು ಬರುವ ಎಷ್ಟೋ ಮೊದಲೇ ಕಾರಿನ ಫೋನು ಬಂದಿತ್ತು. 1946ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಆ ಸೇವೆ ಶುರುವಾದಾಗ ಅದರ ಯಂತ್ರ ಸುಮಾರು 36 ಕಿಲೋ ತೂಗುತ್ತಿತ್ತು. ಹತ್ತಿರದ ಎರಡು ಯಂತ್ರಗಳು ತಂತಿಯಿಲ್ಲದೆ ಮಾತಾಡಿಕೊಳ್ಳುವ ಬ್ಲೂಟೂತ್ ವಿದ್ಯೆಯ ಕೆಲಸ 1994ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ, ಎರಿಕ್ಸನ್ ಕಂಪನಿಯಲ್ಲಿ ಮೊದಲಾಯಿತು. ಅದು ಬಂದ ಮೇಲೆ ಕಾರಿನೊಳಗೆ ಫೋನು ಸೇರಿಸಲು ತಂತಿ ಎಳೆಯಬೇಕಾಗಿಲ್ಲ. ಇಂದು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗೆ ಹೋದರೆ ಹಳೆಯ ಕಾರಿಗೂ ಫೋನು ಕೈಯಲ್ಲಿ ಹಿಡಿಯದೆ ಮಾತಾಡುವ ಒಂದು ಕಿಟ್ ಹಾಕಿಕೊಡುತ್ತಾರೆ. ಸಿಗರೇಟ್ ಲೈಟರಿನ ಜಾಗಕ್ಕೆ ಸಿಕ್ಕಿಸಿ ಎಫ್‌ಎಂ ರೇಡಿಯೋದಲ್ಲಿ ಮಾತು ಕೇಳಿಸುವ ಅಗ್ಗದ್ದೂ ಉಂಟು, ಸ್ಟೀರಿಯೋವನ್ನೇ ಬದಲಿಸುವ ದುಬಾರಿಯದೂ ಉಂಟು.

ಈ ಕಿಟ್ ಮಾಡುವ ಕೆಲಸದಲ್ಲಿ ಒಂದನ್ನು ಮಾತ್ರ ಸ್ವಲ್ಪ ನಿಂತು ನೋಡಬೇಕು. ಮೈಕು ಚಾಲಕನ ತಲೆಯ ಹತ್ತಿರ, ಸಾಮಾನ್ಯವಾಗಿ ಛಾವಣಿಯ ಅಂಚಿನಲ್ಲಿ ಅಥವಾ ಒಳಗನ್ನಡಿಯ ಬಳಿ ಇರುತ್ತದೆ. ಅದಕ್ಕೆ ಚಾಲಕನ ಮಾತಿನ ಜೊತೆ ಇಂಜಿನ್ನಿನ ಸದ್ದು, ಟೈರಿನ ಸದ್ದು, ಗಾಳಿ, ಪಕ್ಕದ ಲಾರಿಯ ಹಾರ್ನ್ ಎಲ್ಲವೂ ಕೇಳುತ್ತದೆ. ಸ್ಪೀಕರಿನಿಂದ ಬಂದ ಆ ಕಡೆಯವರ ದನಿಯೇ ಮತ್ತೆ ಮೈಕಿಗೆ ಹೊಕ್ಕು ಅವರಿಗೆ ಮರುದನಿಯಾಗಿ ಹಿಂದಿರುಗುತ್ತದೆ. ಕಿಟ್ಟಿನೊಳಗಿನ ಚಿಪ್ ಈ ಮರುದನಿಯನ್ನು ಲೆಕ್ಕಹಾಕಿ ಕಳೆಯುತ್ತದೆ, ಒಂದೇ ಸಮನೆ ಬರುವ ರಸ್ತೆಯ ಸದ್ದನ್ನು ಗುರುತಿಸಿ ತಗ್ಗಿಸುತ್ತದೆ. ಕಿಟ್ ಎಷ್ಟು ಒಳ್ಳೆಯದೋ ರಸ್ತೆಯ ಸದ್ದು ಅಷ್ಟು ಕಡಿಮೆ. ಆ ಕಡೆಯವರಿಗೆ ನಾವು ಮನೆಯ ಕೋಣೆಯಲ್ಲಿ ಕೂತು ಮಾತಾಡಿದಂತೆ ಕೇಳಬೇಕು ಎಂಬುದೇ ಎಂಜಿನಿಯರರ ಗುರಿ, ಅದನ್ನು ಅವರು ಬಹುಮಟ್ಟಿಗೆ ಸಾಧಿಸಿಯೂ ಇದ್ದಾರೆ.

ಹಿಂದೆ ಫೋನಿನಲ್ಲಿ ರಸ್ತೆಯ ಸದ್ದು ಕೇಳಿದರೆ "ಓ, ಗಾಡೀಲಿದ್ದೀಯಾ? ಆಮೇಲೆ ಮಾಡ್ತೀನಿ ಬಿಡು" ಎಂದು ಇಟ್ಟುಬಿಡುತ್ತಿದ್ದರು. ಆ ಎಚ್ಚರಿಕೆಯನ್ನು ನಾವೇ ತೊಳೆದು ಹಾಕಿದ್ದೇವೆ. ಮಾತಾಡುವವರಿಗೆ ರಸ್ತೆ ಮೊದಲೇ ಕಾಣುತ್ತಿರಲಿಲ್ಲ, ಈಗ ಕೇಳುವುದೂ ಇಲ್ಲ.

ಪಕ್ಕದ ಸೀಟಿನಲ್ಲಿ ಕೂತವರ ಜೊತೆ ಮಾತಾಡುವುದಿಲ್ಲವೇ, ಅದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಸ್ಟ್ರೇಯರ್ ಮತ್ತು ಜೊತೆಗಾರರು 2008ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ಪರೀಕ್ಷಿಸಿತು. ಚಾಲನೆಯ ಸಿಮ್ಯುಲೇಟರಿನಲ್ಲಿ ಕೂತವರು ಹೆದ್ದಾರಿಯಲ್ಲಿ ಹೋಗಿ ಒಂದು ವಿಶ್ರಾಂತಿ ತಾಣದ ತಿರುವಿನಲ್ಲಿ ಹೊರಳಬೇಕಿತ್ತು. ಪಕ್ಕದಲ್ಲಿದ್ದ ಗೆಳೆಯರೊಡನೆ ಮಾತಾಡುತ್ತಿದ್ದ ಹೆಚ್ಚಿನವರು ಸರಿಯಾಗಿ ಹೊರಳಿದರು. ಫೋನಿನಲ್ಲಿ ಮಾತಾಡುತ್ತಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ ತಿರುವನ್ನು ದಾಟಿ ಮುಂದೆ ಹೋಗಿಬಿಟ್ಟರು. ಪಕ್ಕದಲ್ಲಿದ್ದವರು ರಸ್ತೆಯನ್ನೂ ನೋಡುತ್ತಿದ್ದರು. ಸಂಚಾರ ದಟ್ಟವಾದಾಗ ಮಾತು ತಾನಾಗಿ ಆ ಕಡೆ ಹೊರಳಿತು, ತಿರುವು ಬಂದಾಗ ಅವರೂ ನೆನಪಿಸಿದರು. ನಮ್ಮೂರಿನಲ್ಲೂ ಹೀಗೇ ಅಲ್ಲವೇ? ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಎದುರಿಗೆ ಬಸ್ಸು ಬಂದರೆ ಎಂಥ ಮಾತುಗಾರರೂ ಬಾಯಿ ಮುಚ್ಚಿ ಡ್ಯಾಶ್‌ಬೋರ್ಡ್ ಹಿಡಿದುಕೊಳ್ಳುತ್ತಾರೆ. ಅವರ ಜೀವವೂ ಅದೇ ಕಾರಿನಲ್ಲಿದೆ. ಸ್ಪೀಕರಿನಲ್ಲಿ ಮಾತಾಡುವವರಿಗೆ ಆ ತಿರುವಿನ ಸುಳಿವೇ ಇಲ್ಲ. ಅವರು ಜಮೀನಿನ ವಿಷಯವನ್ನೋ ಕಚೇರಿಯ ಕಡತವನ್ನೋ ಮುಂದುವರಿಸುತ್ತಾರೆ, ಉತ್ತರಕ್ಕೆ ಕಾಯುತ್ತಾರೆ, ತಡವಾದರೆ "ಹಲೋ, ಕೇಳಿಸ್ತಾ ಇದ್ಯಾ?" ಎಂದು ಒತ್ತಾಯಿಸುತ್ತಾರೆ.

ಕೈ ಬಿಡುವಾದರೆ ಅಪಾಯ ಹೋಯಿತು ಎಂಬ ನಂಬಿಕೆಗೆ 1997ರಲ್ಲೇ ಪೆಟ್ಟು ಬಿದ್ದಿತ್ತು. ಕೆನಡಾದ ಟೊರಾಂಟೊದಲ್ಲಿ ರೆಡೆಲ್ಮಿಯರ್ ಮತ್ತು ಟಿಬ್ಶಿರಾನಿ ಎಂಬ ಇಬ್ಬರು ಸಂಶೋಧಕರು ಅಪಘಾತಕ್ಕೊಳಗಾದ 699 ಚಾಲಕರ ಫೋನ್ ಬಿಲ್ಲುಗಳನ್ನು ತರಿಸಿ ಅಪಘಾತದ ಹೊತ್ತಿನೊಡನೆ ಹೋಲಿಸಿದರು. ಫೋನಿನಲ್ಲಿದ್ದಾಗ ಡಿಕ್ಕಿಯ ಸಂಭವ ಸುಮಾರು ನಾಲ್ಕು ಪಟ್ಟು. ಕೈಯಲ್ಲಿ ಹಿಡಿಯದೆ ಮಾತಾಡಿದವರು ಹೆಚ್ಚು ಸುರಕ್ಷಿತರಾಗಿದ್ದರು ಎಂಬುದಕ್ಕೆ ಅವರಿಗೆ ಆಧಾರ ಸಿಗಲಿಲ್ಲ. ಆಮೇಲೆ ಸ್ಟ್ರೇಯರ್ ತಂಡ ಕಣ್ಣಿನ ಚಲನೆ ಅಳೆಯುವ ಯಂತ್ರ ಹಾಕಿ ನೋಡಿತು. ರಸ್ತೆಬದಿಯ ಫಲಕದ ಮೇಲೆ ಚಾಲಕರ ಕಣ್ಣು ನಿಂತದ್ದು ಯಂತ್ರದಲ್ಲಿ ದಾಖಲಾಗಿತ್ತು, ಆದರೆ ಮಾತಿನಲ್ಲಿ ಮುಳುಗಿದ್ದವರಿಗೆ ಎಷ್ಟೋ ಸಲ ಅದನ್ನು ಕಂಡ ನೆನಪೇ ಇರಲಿಲ್ಲ. ಫಲಕದ ಜಾಗದಲ್ಲಿ ಒಂದು ಮಗು ಇದ್ದಿದ್ದರೆ ಎಂದು ಯೋಚಿಸಿದರೆ ಮೈ ನಡುಗುತ್ತದೆ.

ಎಲ್ಲ ಅಧ್ಯಯನಗಳೂ ಒಂದೇ ದನಿಯಲ್ಲಿ ಮಾತಾಡುತ್ತಿಲ್ಲ, ಅದನ್ನೂ ಹೇಳಬೇಕು. ಲಾರಿಗಳಲ್ಲಿ ಕ್ಯಾಮೆರಾ ಇಟ್ಟು ತಿಂಗಳುಗಟ್ಟಲೆ ಗಮನಿಸಿದ ವರ್ಜೀನಿಯಾ ಟೆಕ್ ಸಂಸ್ಥೆಯವರು, ನಿಜವಾದ ಘೋರ ಅಪಾಯ ಬೆರಳಿನಿಂದ ಸಂದೇಶ ಒತ್ತುವುದು ಎಂದರು. ರಸ್ತೆಯಿಂದ ಕಣ್ಣು ತೆಗೆಯುವುದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಕಿವಿ-ಭುಜದ ನಡುವೆ ಫೋನು ಸಿಕ್ಕಿಸಿಕೊಂಡು ಓಡಿಸುವುದಕ್ಕಿಂತ ಕಿಟ್ ಎಷ್ಟೋ ವಾಸಿ. "ಗಾಡಿ ಓಡಿಸ್ತಿದ್ದೀನಿ, ಆಮೇಲೆ ಮಾಡ್ತೀನಿ" ಎಂಬ ಎರಡು ಮಾತಿಗೆ ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ. ನಾವು ಅದನ್ನು ಎರಡು ಮಾತಿಗೆ ಬಳಸುತ್ತಿಲ್ಲ, ಅಷ್ಟೇ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ದಾಟುತ್ತದೆ. ಬಿಡದಿಯಲ್ಲಿ ಶುರುವಾದ ಆಸ್ತಿಯ ಜಗಳ ಮದ್ದೂರಿನಲ್ಲೂ ಮುಗಿದಿರುವುದಿಲ್ಲ.

ಹಾಗಾದರೆ ಕರೆ ಎತ್ತುವವರದ್ದೇ ತಪ್ಪೇ? ನಮ್ಮ ಮನೆಗಳನ್ನು ಬಲ್ಲವರು ಅಷ್ಟು ಸುಲಭವಾಗಿ ಹೇಳಲಾರರು. ಹಾಸನದ ಕಡೆಯ ಹಳ್ಳಿಯಲ್ಲಿರುವ ತಾಯಿಗೆ ಮಗ ಕಾರಿನಲ್ಲಿ ಹೊರಟಿದ್ದಾನೆ ಎಂದು ಗೊತ್ತು. ಗೊತ್ತಿರುವುದರಿಂದಲೇ ಕರೆ ಮಾಡುತ್ತಾಳೆ: "ಎಲ್ಲಿಗೆ ಬಂದ್ಯಪ್ಪಾ? ನಿಧಾನಕ್ಕೆ ಬಾ." ಎತ್ತದಿದ್ದರೆ ಮತ್ತೆ ಮಾಡುತ್ತಾಳೆ, ಮೂರನೆಯ ಸಲಕ್ಕೆ ಅವಳ ಕೈ ನಡುಗಲು ಶುರುವಾಗಿರುತ್ತದೆ. ಮಗನಿಗೆ ಇದೂ ಗೊತ್ತು. ಅವಳ ಗಾಬರಿ ನೆನೆದು ಎತ್ತುತ್ತಾನೆ. ಮಾವನ ಕರೆಯನ್ನೋ ದೊಡ್ಡಪ್ಪನ ಕರೆಯನ್ನೋ ಕತ್ತರಿಸುವುದು ನಮ್ಮಲ್ಲಿ ಮರ್ಯಾದೆಯ ಪ್ರಶ್ನೆ, ವರ್ಷಗಟ್ಟಲೆ ಮಾತಿಗೆ ಬರುತ್ತದೆ. ಪ್ರೀತಿಯೂ ಗೌರವವೂ ಸೇರಿ ಆ ಮನುಷ್ಯನನ್ನು ಮಾತಿಗೆ ಎಳೆಯುತ್ತಿವೆ. ಇದನ್ನು ನಿಲ್ಲಿಸಲು ಕಾನೂನಿನಿಂದ ಆಗದು. ಹಿಂದೆ ರಾತ್ರಿ ಬಸ್ಸಿಗೆ ಹತ್ತಿಸಿದವರು "ಮುಟ್ಟಿದ ಕೂಡಲೇ ಫೋನ್ ಮಾಡು" ಎಂದು ಹೇಳಿ ಬೆಳಗಿನವರೆಗೆ ಕಾಯುತ್ತಿದ್ದರು. ಅವರಿಗೇನು ಪ್ರೀತಿ ಕಡಿಮೆ ಇತ್ತೇ? ಹೊರಡುವ ಮುಂಚೆ ನಾವೇ ಒಂದು ಕರೆ ಮಾಡಿ, ದಾರಿಯಲ್ಲಿ ಎತ್ತುವುದಿಲ್ಲ, ಚನ್ನರಾಯಪಟ್ಟಣದಲ್ಲಿ ಕಾಫಿಗೆ ನಿಲ್ಲಿಸಿದಾಗ ಮಾಡುತ್ತೇನೆ ಎಂದು ಹೇಳಿದರೆ ಅಮ್ಮಂದಿರು ಒಪ್ಪುತ್ತಾರೆ. ಅವರಿಗೆ ಬೇಕಿರುವುದು ಮಗ ಕ್ಷೇಮವಾಗಿ ಬರುವುದು.

ಇದರ ಜೊತೆಗೇ ಇನ್ನೊಂದು ಮಾತು. ಕಾರಿನ ಸ್ಪೀಕರಿನಲ್ಲಿ ಬರುವ ದನಿ ಹಿಂದಿನ ಸೀಟಿನ ಮಕ್ಕಳಿಗೂ, ಡ್ರಾಪ್ ಕೇಳಿ ಹತ್ತಿದವರಿಗೂ ಕೇಳುತ್ತದೆ. ಆ ಕಡೆಯವರು ತಮ್ಮ ಕಾಯಿಲೆಯನ್ನೋ ಮಗಳ ಮದುವೆ ಮುರಿದದ್ದನ್ನೋ ನಮಗೊಬ್ಬರಿಗೇ ಹೇಳುತ್ತಿದ್ದೇವೆಂದು ನಂಬಿರುತ್ತಾರೆ. ಕಾರಿನಲ್ಲಿ ಬೇರೆಯವರಿದ್ದಾರೆ ಎಂದು ಮೊದಲೇ ತಿಳಿಸುವುದು ಕನಿಷ್ಠ ಸೌಜನ್ಯ. ಅದನ್ನು ಹೇಳದೆ ಕೇಳಿಸಿಕೊಳ್ಳುವುದು ನಂಬಿಕೆದ್ರೋಹವೇ.

ಕರೆ ಎತ್ತದೆ ಇರುವ ಸ್ವಾತಂತ್ರ್ಯವಾದರೂ ಎಲ್ಲರಿಗೆ ಎಲ್ಲಿದೆ? ಕಚೇರಿಗೆ ಹೋಗುವಾಗ ಕಾರಿನಿಂದಲೇ ಮೀಟಿಂಗ್ ಸೇರಿಕೊಳ್ಳಿ ಎನ್ನುವ ಮೇಲಧಿಕಾರಿಗೆ ಇಲ್ಲ ಎನ್ನಲು ಧೈರ್ಯ ಬೇಕು. ಅಮೆರಿಕದ ರಾಷ್ಟ್ರೀಯ ಸುರಕ್ಷತಾ ಮಂಡಳಿ 2009ರಲ್ಲೇ, ಚಾಲನೆಯಲ್ಲಿ ಫೋನು ಯಾವ ರೂಪದಲ್ಲೂ ಬೇಡ, ಕೈಯಲ್ಲಿ ಹಿಡಿಯದೆಯೂ ಬೇಡ ಎಂದು ಹೇಳಿತು. ನೌಕರರಿಗೆ ಹಾಗೆಂದು ನಿಯಮ ಮಾಡಿದ ಕಂಪನಿಗಳೂ ಇವೆ. ನಮ್ಮಲ್ಲಿ ಅಂಥ ನಿಯಮ ಬಂದರೆ ಮೊದಲ ಉಪಕಾರವಾಗುವುದು ಲಾರಿ, ಕ್ಯಾಬ್ ಓಡಿಸುವವರಿಗೆ.

ಉಪಕಾರ ಅವರಿಗಷ್ಟೇ ಅಲ್ಲ, ಏಕೆಂದರೆ ಈ ಮಾತುಕತೆಯ ಬೆಲೆ ತೆರುವವರು ಮಾತಾಡಿದವರೇ ಆಗಬೇಕೆಂದಿಲ್ಲ. 2022ರಲ್ಲಿ ಭಾರತದ ರಸ್ತೆಗಳಲ್ಲಿ 1.68 ಲಕ್ಷಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬೈಕು, ಸ್ಕೂಟರುಗಳಲ್ಲಿದ್ದವರು ಮತ್ತು ಕಾಲ್ನಡಿಗೆಯವರು. ಕಿಟ್ ಇರುವ ಕಾರಿನಲ್ಲಿ ಸೀಟ್ ಬೆಲ್ಟ್ ಇದೆ, ಏರ್‌ಬ್ಯಾಗ್ ಇದೆ. ಹುಲ್ಲಿನ ಹೊರೆ ಕಟ್ಟಿಕೊಂಡು ಟಿವಿಎಸ್ ಮೊಪೆಡ್‌ನಲ್ಲಿ ಹೆದ್ದಾರಿ ದಾಟುವವನಿಗೆ ಏನಿದೆ? ಎದುರಿನ ಚಾಲಕ ತನ್ನನ್ನು ನೋಡಿದ್ದಾನೆ ಎಂಬ ನಂಬಿಕೆಯೊಂದೇ. ಅವನ ಕಡೆ ತಿರುಗಿದ ಕಣ್ಣಿನ ಹಿಂದೆ ಯಾರೂ ಇಲ್ಲ ಎಂಬುದು ಅವನಿಗೆ ತಿಳಿಯುವ ಬಗೆಯೇ ಇಲ್ಲ. ನಾನು ಕರೆ ಮಾಡಿ ಮಾತು ಮುಂದುವರಿಸಿದಾಗ ಆ ಮನುಷ್ಯನ ಹೊಣೆಯಲ್ಲಿ ಒಂದು ಪಾಲು ನನ್ನದೂ ಆಗುತ್ತದೆ, ನಾನು ಮನೆಯ ಜಗಲಿಯಲ್ಲೇ ಕೂತಿದ್ದರೂ.

ಬೆಂಗಳೂರಿನಲ್ಲಿ ಕ್ಯಾಬ್ ಬುಕ್ ಮಾಡಿ ಮರುಕ್ಷಣವೇ "ಅಣ್ಣಾ, ಎಲ್ಲಿದ್ದೀರಾ?" ಎಂದು ಕೇಳುವ ಅಭ್ಯಾಸ ನಮಗೆಲ್ಲ ಇದೆ. ಚಾಲಕ ಜಂಕ್ಷನ್ ನಡುವಿನಿಂದ "ಬಂದೆ ಸಾರ್, ಎರಡೇ ನಿಮಿಷ" ಎನ್ನುತ್ತಾನೆ. ಕಾರು ಯಾವ ಬೀದಿಯಲ್ಲಿದೆ ಎಂಬುದು ನಮ್ಮ ಕೈಯ ಪರದೆಯ ಮೇಲೇ ಕಾಣುತ್ತಿರುತ್ತದೆ. ಗಾಡಿ ಚಲಿಸುತ್ತಿರುವಾಗ ಕರೆ ತಡೆದು, ನಿಂತಾಗ ಮಾತ್ರ ಹೋಗಲು ಬಿಡುವಂತೆ ಆ್ಯಪ್‌ಗಳನ್ನು ಮಾಡುವುದು ಅಂಥ ಕಷ್ಟದ ಕೆಲಸವಲ್ಲ. ಗಾಡಿಯ ವೇಗ ಅವಕ್ಕೆ ತಿಳಿದೇ ಇರುತ್ತದೆ. ಚಾಲಕರು ಇದನ್ನು ಕೇಳಹೊರಟರೆ ಅವರ ರೇಟಿಂಗ್ ಹೋದೀತು, ಅನ್ನ ಹೋದೀತು. ಹಿಂದಿನ ಸೀಟಿನಲ್ಲಿ ಕೂರುವ ನಾವು ಕೇಳಿದರೆ ಯಾರ ಕೆಲಸವೂ ಹೋಗುವುದಿಲ್ಲ.