ಕಂಡವನು, ಮಾಡಿದವನು

ನಮ್ಮ ನೊಣವಿನಕೆರೆ ಕಡೆ ಕೊಬ್ಬರಿಗೆ ಅವಸರವಿಲ್ಲ. ಸಿಪ್ಪೆಯ ಸಮೇತ ಕಾಯನ್ನು ಅಟ್ಟಕ್ಕೇರಿಸಿದರೆ ವರ್ಷದ ಹತ್ತಿರ ತನ್ನಷ್ಟಕ್ಕೆ ಒಣಗುತ್ತದೆ. ಅಲ್ಲಾಡಿಸಿದಾಗ ಒಳಗೆ ಉಂಡೆ ಸದ್ದು ಮಾಡಿದರೆ ಆಯಿತು. ಆದರೆ ಅದು ಒಳ್ಳೆಯದೋ ಕೌಟೋ ಎಂಬುದು ಚಿಪ್ಪು ಬಿಡಿಸಿದ ಮೇಲೆಯೇ.

ಒಂದು ವರ್ಷ ನಮ್ಮ ಅಟ್ಟದ ಒಂದು ಮೂಲೆಯ ಕೊಬ್ಬರಿಯೆಲ್ಲ ಕೌಟಾಯಿತು. ಅಟ್ಟ ಹತ್ತಿ ಇಳಿಯುತ್ತಿದ್ದವನು ನಮ್ಮ ಆಳು ಒಬ್ಬನೇ. ಬಲಿಯದ ಕಾಯಿ ಏರಿಸಿದ್ದಾನೆಂದು ತೀರ್ಪು ಕೊಟ್ಟುಬಿಟ್ಟೆ. ಅವನು ಎದುರಾಡಲಿಲ್ಲ. ಲೆಕ್ಕ ಮುಗಿಸಿಕೊಂಡು ಹೋದ.

ಘನ ಕ್ರಿಯಾವರ್ಧಕಗಳ ಬಗ್ಗೆ ಓದುವಾಗ ಅವನು ನೆನಪಾದ. ತಾನು ಖರ್ಚಾಗದೆ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು ಕ್ರಿಯಾವರ್ಧಕ. ಎಣ್ಣೆಯನ್ನು ವನಸ್ಪತಿಯಾಗಿಸುವ ನಿಕ್ಕಲ್ ಪುಡಿ ಅಂಥದ್ದು. ಅದರ ಮೈಮೇಲೆ ಅಣುಗಳು ಬಂದು ಕೂರುತ್ತವೆ, ರೂಪ ಬದಲಿಸಿ ಎದ್ದು ಹೋಗುತ್ತವೆ. ಕೂತವರು ಯಾರೆಂದು ಅವಕೆಂಪು ಕಿರಣ ಹೇಳುತ್ತದೆ. ಬಿಡಿಯಾಗಿ ತೇಲುವ ಕಾರ್ಬನ್ ಮಾನಾಕ್ಸೈಡ್ ಹೀರುವುದು ಸೆಂಟಿಮೀಟರಿಗೆ ಸುಮಾರು 2143 ಅಲೆಗಳ ಕಿರಣವನ್ನು. ಲೋಹದ ಎರಡು ಪರಮಾಣುಗಳ ನಡುವೆ ಸೇತುವೆಯಂತೆ ಕೂತರೆ ಆ ಸಂಖ್ಯೆ 2000ಕ್ಕಿಂತ ಕೆಳಗಿಳಿಯುತ್ತದೆ. ಹೊರಬಂದದ್ದೇನು, ಎಷ್ಟು ಎಂಬ ಲೆಕ್ಕ ಗ್ಯಾಸ್ ಕ್ರೊಮಟೋಗ್ರಫಿಯದು. ಅದು ಅನಿಲಗಳನ್ನು ಉದ್ದನೆಯ ಕೊಳವೆಯಲ್ಲಿ ಹರಿಸಿ ಬೇರ್ಪಡಿಸಿ ಅಳೆಯುತ್ತದೆ. ಕ್ರಿಯೆ ನಡೆಯುತ್ತಿರುವಾಗಲೇ ಒಳಗನ್ನೂ ಹೊರಗನ್ನೂ ಜೊತೆಯಾಗಿ ನೋಡುವ ಈ ಬಗೆಯ ಕ್ರಮಕ್ಕೆ 2002ರಲ್ಲಿ 'ಆಪರಾಂಡೋ' ಎಂಬ ಹೆಸರು ಬಂತು.

ಎರಡೂ ಏಕೆ ಬೇಕು? ಮೈಮೇಲೆ ಕಂಡದ್ದೆಲ್ಲ ಕೆಲಸ ಮಾಡುತ್ತಿರುವುದಿಲ್ಲ. ಕಾರ್ಬನ್ ಮಾನಾಕ್ಸೈಡು ಮತ್ತು ನೀರಾವಿಯಿಂದ ಹೈಡ್ರೊಜನ್ ತೆಗೆಯುವ ಕ್ರಿಯೆಯಲ್ಲಿ ಫಾರ್ಮೇಟ್ ಎಂಬುದು ಢಾಳಾಗಿ ಕಾಣುತ್ತಿತ್ತು. ಕೆಲಸ ಅದರದೇ ಎಂದು ಹಲವರು ನಂಬಿದ್ದರು. ಸಾಮಾನ್ಯ ಕಾರ್ಬನ್ ಬದಲು ಭಾರದ ಕಾರ್ಬನ್-13 ಕೊಟ್ಟು ನೋಡಿದಾಗ, ಕೆಲವು ಕ್ರಿಯಾವರ್ಧಕಗಳಲ್ಲಿ, ಹೊರಬರುವ ಅನಿಲ ಬೇಗ ಹೊಸದಾಯಿತು, ಫಾರ್ಮೇಟ್ ಬಹಳ ಹೊತ್ತು ಹಳೆಯದಾಗಿಯೇ ಉಳಿಯಿತು. ಅಲ್ಲಿ ಅದು ಬಹುಪಾಲು ಬರೀ ಪ್ರೇಕ್ಷಕ.

ನಮ್ಮ ಅಟ್ಟದಲ್ಲೂ ಆದದ್ದು ಅದೇ. ಮರುವರ್ಷ ಬೇರೆಯವನು ಕಾಯಿ ಏರಿಸಿದ. ಅದೇ ಮೂಲೆ, ಅದೇ ಕೌಟು. ತಲೆಯೆತ್ತಿ ನೋಡಿದರೆ ಒಡೆದ ಹೆಂಚು. ಅದನ್ನು ಬದಲಿಸುವುದನ್ನು ಎರಡು ಮಳೆಗಾಲ ಮುಂದೂಡಿದವನು ನಾನು.

ಕಣ್ಣಿಗೆ ಬಿದ್ದವನ ಮೇಲೆ ಹೊಣೆ ಹೊರಿಸುವುದು ಸುಲಭ. ನಮ್ಮ ಮನೆಗಳಲ್ಲಿ, ಊರಿನ ಪಂಚಾಯಿತಿಗಳಲ್ಲಿ ಎಷ್ಟೋ ತೀರ್ಪುಗಳು ಹಾಗೆಯೇ ಆಗುತ್ತವೆ. ಅಣುವನ್ನು ತಪ್ಪು ತಿಳಿದರೆ ಇನ್ನೊಂದು ಪ್ರಯೋಗ ಮಾಡಬಹುದು. ಮನುಷ್ಯನ ವಿಷಯದಲ್ಲಿ ಪ್ರಯೋಗ ಮುಗಿಯುವ ಮೊದಲೇ ಶಿಕ್ಷೆ ಮುಗಿದಿರುತ್ತದೆ.

ಹೆಂಚು ಬದಲಿಸಲು ಅರ್ಧ ದಿನ ಸಾಕಾಯಿತು. ಅವನ ಮನೆಯವರೆಗೆ ನಡೆಯಲು ನನಗೆ ಮೂರು ವರ್ಷ ಹಿಡಿಯಿತು. ಅವನು ಏನೂ ಕೇಳಲಿಲ್ಲ. ಜಗಲಿಯ ಮೇಲೆ ಚಾಪೆ ಹಾಸಿ, "ಈ ಸಲ ಕೊಬ್ಬರಿ ಹೆಂಗಾಯ್ತು ಬುದ್ಧಿ?" ಎಂದ.