ವೇಷ ಮತ್ತು ವಿಶ್ವಾಸ

ತರಗತಿಯಲ್ಲಿ ಸತ್ಯದ ಮಹಿಮೆಯನ್ನು ಬೋಧಿಸುವವನೊಬ್ಬನು ಸುಳ್ಳಿನ ಕಥೆಯೊಂದನ್ನು ಹಿಡಿದು ನಡುರಾತ್ರಿ ಕಳೆದರೂ ದೀಪವಾರಿಸಲಿಲ್ಲವೆಂದರೆ ಓದುಗರು ನಗಬಹುದು. ನಗಲಿ. ಆ ಪುಸ್ತಕ, ಜಾರ್ಜೆಟ್ ಹೆಯರ್ ಎಂಬ ಆಂಗ್ಲ ಲೇಖಕಿ ೧೯೨೮ರಲ್ಲಿ ಪ್ರಕಟಿಸಿದ 'ದಿ ಮಾಸ್ಕರೇಡರ್ಸ್'.

೧೭೪೫ರಲ್ಲಿ ಸ್ಟುವರ್ಟ್ ವಂಶದ ರಾಜಕುಮಾರನ ಪರವಾಗಿ ಎದ್ದ ದಂಗೆ ಮರುವರ್ಷ ಕಲೊಡನ್ ಕದನದಲ್ಲಿ ಮುರಿದುಬಿತ್ತು. ದಂಗೆಯಲ್ಲಿ ಸೇರಿದ್ದ ರಾಬಿನ್, ನೇಣಿನಿಂದ ತಪ್ಪಿಸಿಕೊಳ್ಳಲು ಹೆಣ್ಣುಡುಗೆ ತೊಟ್ಟು ಕೇಟ್ ಆಗುತ್ತಾನೆ; ಎತ್ತರದ ನಿಲುವಿನ ಅವನ ಸೋದರಿ ಪ್ರೂಡೆನ್ಸ್ ಕತ್ತಿ ಕಟ್ಟಿ ಪೀಟರ್ ಆಗುತ್ತಾಳೆ. ಲಂಡನ್ನಿನ ದೊಡ್ಡವರ ಸಮಾಜ ಇಬ್ಬರನ್ನೂ ನಂಬುತ್ತದೆ. ನಿದ್ದೆಗಣ್ಣಿನವನೆಂದು ತೋರುವ ಸರ್ ಆಂಥೊನಿ ಫ್ಯಾನ್‌ಷಾ ಮಾತ್ರ ಸದ್ದಿಲ್ಲದೆ ಗುಟ್ಟನ್ನು ಕಂಡುಕೊಳ್ಳುತ್ತಾನೆ.

ಈ ಮೋಸವನ್ನು ನಾವು ಮೆಚ್ಚುವುದೇಕೆ? ಪ್ರಾಣರಕ್ಷಣೆಗಾಗಿ ಆಡಿದ ಸುಳ್ಳು ದೋಷವಲ್ಲವೆಂದು ಮೊದಲು ಸಮಾಧಾನ ಹೇಳಿಕೊಂಡೆ. ಆದರೆ ಒಂದೆಡೆ ಈ ಸಮಾಧಾನ ನಿಲ್ಲಲಿಲ್ಲ. ಲೆಟ್ಟಿ ಎಂಬ ಹುಡುಗಿ ಕೇಟಳನ್ನು ಗೆಳತಿಯೆಂದು ನಂಬಿ ಮನಸ್ಸು ಬಿಚ್ಚುತ್ತಾಳೆ. ಮುಖವಾಡದ ನೃತ್ಯಕೂಟದಲ್ಲಿ ಕಪ್ಪು ನಿಲುವಂಗಿಯ ಅಪರಿಚಿತನಾಗಿ ಬಂದು ಅವಳ ಪ್ರೇಮವನ್ನು ಗೆಲ್ಲುವವನೂ ರಾಬಿನ್ನನೇ. ಆ ಅಪರಿಚಿತನ ವಿಷಯವನ್ನು ಅವಳು ಹೇಳಿಕೊಳ್ಳುವುದೂ ಅವನ ಬಳಿಯೇ! ಓದುವಾಗ ನಕ್ಕೆ. ಪುಸ್ತಕ ಮುಚ್ಚಿದ ಮೇಲೆ ನಾಚಿಕೆಯಾಯಿತು. ಆ ಗುಟ್ಟನ್ನು ಕೇಳಿದ್ದರಿಂದ ಯಾರ ಕೊರಳೂ ಉಳಿಯಲಿಲ್ಲವಲ್ಲ!

ಆಗ ನೆನಪಿಗೆ ಬಂದವಳು ನಮ್ಮ ಬೃಹನ್ನಳೆ. ಅರ್ಜುನನೂ ವೇಷ ಮರೆಸಿ ವರ್ಷಕಾಲ ಅಂತಃಪುರದಲ್ಲಿ ಉತ್ತರೆಗೆ ನೃತ್ಯ ಕಲಿಸಿದವನು. ಅಜ್ಞಾತವಾಸ ಮುಗಿದು ವಿರಾಟನು ಮಗಳನ್ನು ಕೊಡಲು ಬಂದಾಗ ಅವನು ತನಗಾಗಿ ಒಪ್ಪಲಿಲ್ಲ. ತನ್ನನ್ನು ತಂದೆಯಂತೆ ನಂಬಿದ ಹುಡುಗಿಯೆಂದು ಅಭಿಮನ್ಯುವಿಗೆ ತಂದುಕೊಂಡನು. ಲೋಕಾಪವಾದದ ಅಂಜಿಕೆಯೂ ಅದರಲ್ಲಿತ್ತು, ನಿಜ. ಆದರೂ ವೇಷಕ್ಕೆ ಸಂದ ವಿಶ್ವಾಸವನ್ನು ಅವನು ತನ್ನ ಸ್ವಂತ ಲಾಭಕ್ಕೆ ಬಳಸಲಿಲ್ಲ.

ಪ್ರೂಡೆನ್ಸಳೂ ಈ ದಾರಿಯವಳೇ. ಗುಟ್ಟು ತಿಳಿದೂ ಆಂಥೊನಿ ಕೈಹಿಡಿಯಲು ಬಂದಾಗ, ಹೇಳಿಕೊಳ್ಳಲು ಕುಲಗೋತ್ರವಿಲ್ಲದ ತಾನು ಅವನ ಮನೆ ಹೊಗಲಾರೆನೆಂದು ಹಿಂದೆಗೆಯುತ್ತಾಳೆ.

ಬಟ್ಟೆ ಬದಲಿಸಿದ್ದು ಪಾಪವಲ್ಲ. ಆ ಬಟ್ಟೆಯನ್ನು ನಂಬಿ ಇನ್ನೊಬ್ಬರು ಕೊಟ್ಟ ವಿಶ್ವಾಸ ಮಾತ್ರ ಇಡುಗಂಟು; ಕಾಯಬಹುದು, ಖರ್ಚುಮಾಡಬಾರದು. ಗೌರವದ ಉಡುಪು ತೊಟ್ಟು ವೇದಿಕೆಯೇರುವ ನನ್ನಂಥವರಿಗೂ ಈ ಮಾತು ಸಲ್ಲುತ್ತದೆ.

ಇಷ್ಟೆಲ್ಲ ಬರೆದ ಮೇಲೂ ರಾಬಿನ್ನನ ಮೇಲೆ ನನಗೆ ಕೋಪ ಬಂದಿಲ್ಲ. ಲೆಟ್ಟಿ ನನ್ನ ಮಗಳಾಗಿದ್ದರೆ ಬರುತ್ತಿತ್ತು.