ಬೇಕಾದವರು

ಮಾನಸಿಕ ಕಾಯಿಲೆಯಿರುವ ಯುವಜನರಿಗಾಗಿ ಊರಿನಲ್ಲೊಂದು ಕೇಂದ್ರ ತೆರೆಯಬೇಕೆಂದಾಗ ನಾವು ಮೊದಲು ಕೇಳುವ ಪ್ರಶ್ನೆ: ಅವರಿಗೆ ಏನು ಕೊಡಬೇಕು? ವೈದ್ಯರು, ಔಷಧಿ, ಆಪ್ತಸಲಹೆ ಎಲ್ಲವೂ ಬೇಕು, ನಿಜ. ಆದರೆ ಅದಕ್ಕಿಂತ ಕಷ್ಟದ ಪ್ರಶ್ನೆಯೊಂದಿದೆ ಅನ್ನಿಸುತ್ತದೆ ನನಗೆ. ಅವರಿಂದ ನಮಗೇನು ಬೇಕು?

1940ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಮನೋರೋಗ ಆಸ್ಪತ್ರೆಯೊಂದರಿಂದ ಹೊರಬಂದ ಕೆಲವರು 'ನಾವು ಒಂಟಿಯಲ್ಲ' ಎಂಬ ಗುಂಪು ಕಟ್ಟಿಕೊಂಡರು. ಅದರಿಂದ 1948ರಲ್ಲಿ ಫೌಂಟನ್ ಹೌಸ್ ಹುಟ್ಟಿತು. ಅಲ್ಲಿಗೆ ಬರುವವರು ರೋಗಿಗಳಲ್ಲ, ಸದಸ್ಯರು. ಅಡುಗೆಯಿಂದ ಕಚೇರಿಯ ಕೆಲಸದವರೆಗೆ ಎಲ್ಲವನ್ನೂ ಅವರು ಸಿಬ್ಬಂದಿಯ ಜೊತೆಗೂಡಿ ಮಾಡುತ್ತಾರೆ. ಈ ಮಾದರಿಯ 'ಕ್ಲಬ್‌ಹೌಸ್'ಗಳು ಇಂದು ಹಲವು ದೇಶಗಳಲ್ಲಿವೆ. ಅವುಗಳ ನಿಯಮಾವಳಿಯಲ್ಲೊಂದು ಸೋಜಿಗದ ಮಾತಿದೆ: ಸದಸ್ಯರು ಕೈಜೋಡಿಸದೆ ಕೆಲಸ ಸಾಗದಷ್ಟು ಕಡಿಮೆ ಸಿಬ್ಬಂದಿ ಇರಬೇಕು. ಅಂದರೆ, ಕೊರತೆಯನ್ನು ಬೇಕೆಂದೇ ಉಳಿಸಿಕೊಳ್ಳುವ ಸಂಸ್ಥೆ!

ಯುವಜನರ ವಿಷಯದಲ್ಲಿ ಈ ಕೊರತೆಗೆ ಹೆಚ್ಚಿನ ಅರ್ಥವಿದೆ. ಮಾನಸಿಕ ಕಾಯಿಲೆಗಳಲ್ಲಿ ಮುಕ್ಕಾಲು ಪಾಲು 24ರ ವಯಸ್ಸಿನೊಳಗೆ ಶುರುವಾಗುತ್ತವೆ ಎಂದು 2005ರಲ್ಲಿ ಪ್ರಕಟವಾದ ಅಮೆರಿಕದ ಸಮೀಕ್ಷೆಯೊಂದು ಹೇಳಿತು. ಮನೆ, ನೆರೆಹೊರೆ ನಮ್ಮನ್ನು ನೆಚ್ಚಿಕೊಳ್ಳಲು ತೊಡಗುವ ವಯಸ್ಸೂ ಅದೇ. ಕಾಯಿಲೆ ಬಂದೊಡನೆ ಮನೆಯವರು ಒಂದೊಂದೇ ಕೆಲಸವನ್ನು ಕೈಯಿಂದ ತೆಗೆದುಕೊಳ್ಳುತ್ತಾರೆ: "ನೀನು ಸುಮ್ಮನಿರು ಮಗಾ, ನಾವು ನೋಡಿಕೊಳ್ತೀವಿ." ಅದು ಪ್ರೀತಿಯ ಮಾತು. ಆದರೆ ವರ್ಷಗಟ್ಟಲೆ ಕೇಳಿದ ಮೇಲೆ, ನೀನಿಲ್ಲದೆಯೂ ಎಲ್ಲ ನಡೆಯುತ್ತದೆ ಎಂದೇ ಕೇಳಿಸತೊಡಗುತ್ತದೆ.

ಹಾಗಾದರೆ ದುಡಿದವರಿಗಷ್ಟೇ ಬೆಲೆಯೇ? ಹಾಸಿಗೆ ಬಿಟ್ಟೇಳಲಾಗದ ದಿನ ಆ ಹುಡುಗಿಯ ಗತಿಯೇನು? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕ್ಲಬ್‌ಹೌಸ್‌ನಲ್ಲಿ ಸದಸ್ಯತ್ವಕ್ಕೆ ಕಾಲಮಿತಿಯಿಲ್ಲ. ಬಾರದವರನ್ನು ವಿಚಾರಿಸಿಕೊಳ್ಳುವುದು ಕೂಡ ಅಲ್ಲಿನ ನಿಯಮ. ಕಾರ್ಖಾನೆಯಲ್ಲಿ ಒಬ್ಬರ ಜಾಗಕ್ಕೆ ಇನ್ನೊಬ್ಬರು ಬಂದರೆ ಸಾಕು. ಇಲ್ಲಿ ಬಾರದವರ ಜಾಗ ಅವರದಾಗಿಯೇ ಉಳಿಯುತ್ತದೆ. ಕನ್ನಡಕ್ಕೆ ಈ ವ್ಯತ್ಯಾಸ ಗೊತ್ತು. 'ನಮಗೆ ಬೇಕಾದವರು' ಎಂದಾಗ ನಾವು ಹೇಳುವುದು ಉಪಯೋಗಕ್ಕೆ ಬರುವವರನ್ನಲ್ಲ, ಹತ್ತಿರದವರನ್ನು.

ಸಮಾಜದಿಂದ ಬೇರ್ಪಡದೆ, ಅದರ ಭಾಗವಾಗಿ ಬದುಕುವ ಹಕ್ಕನ್ನು ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾನ್ಯ ಮಾಡಿದೆ. ಆದರೆ ಯಾರಿಗಾದರೂ ಬೇಕಾಗುವುದನ್ನು ಕಾಯ್ದೆ ಕೊಡಲಾರದು. ಅದಕ್ಕೇ, ಕೇಂದ್ರ ಕಟ್ಟುವವರು ತಾವು ಮಾಡಿಕೊಡುವ ಕೆಲಸಗಳ ಪಟ್ಟಿಯ ಜೊತೆಗೆ, ಬರುವವರಿಗಾಗಿ ಮಾಡದೆ ಬಿಡುವ ಕೆಲಸಗಳ ಪಟ್ಟಿಯನ್ನೂ ಬರೆದಿಟ್ಟುಕೊಳ್ಳಬೇಕು.